ಕೌದಿಯ ಮೇಲೆ ಬಿದ್ದ ಮೇಣ

ನಮ್ಮ ಕಡೆಯ ಮನೆಗಳಲ್ಲಿ ಮೇಣಬತ್ತಿಗೆ ಒಂದು ಸ್ಥಿರವಾದ ಸ್ಥಾನವೆಂಬುದಿಲ್ಲ. ದೇವರ ಜಗಲಿಯ ಮೇಲೆ ಅದಕ್ಕೆ ಜಾಗವಿಲ್ಲ. ಅಲ್ಲಿ ಎಣ್ಣೆಯ ದೀಪವಿದೆ. ಅಡಿಗೆಮನೆಯಲ್ಲಿ ಇಟ್ಟರೆ ಇಲಿ ಕಡಿಯುತ್ತದೆ. ಹೀಗಾಗಿ ಪಡಸಾಲೆಯ ಯಾವುದೋ ಮಾಡದಲ್ಲಿ ಕಡ್ಡಿಪೆಟ್ಟಿಗೆಯ ಮಗ್ಗುಲಲ್ಲಿ ಅದು ತಿಂಗಳುಗಟ್ಟಲೆ ಮಲಗಿರುತ್ತದೆ. ಲೈಟು ಹೋಯಿತೆಂದರೆ ಮಾತ್ರ ಮನೆಮಂದಿಯೆಲ್ಲ ಕತ್ತಲಲ್ಲಿ ತಡಕಾಡುತ್ತ ಅದನ್ನೇ ಹುಡುಕುತ್ತಾರೆ. ಈಗ ಮೊಬೈಲಿನಲ್ಲಿಯೇ ಬೆಳಕಿದೆ, ಚಾರ್ಜು ಮಾಡುವ ಬ್ಯಾಟರಿಗಳೂ ಬಂದಿವೆ, ನಿಜ. ಆದರೆ ಅವುಗಳ ಚಾರ್ಜು ಇಳಿದುಹೋಗುವುದು ಲೈಟು ಹೋದ ರಾತ್ರಿಯೇ ಎಂಬುದು ವಾಚಕರಿಗೂ ಅನುಭವವಿದ್ದೀತು.

ಮೇಣಬತ್ತಿಯ ಇನ್ನೊಂದು ಗುಣವೆಂದರೆ, ಬೆಳಕನ್ನು ಅದು ನಾವು ಬೇಡಿದಲ್ಲಿ ಕೊಡುತ್ತದೆ. ಮೇಣವನ್ನು ಮಾತ್ರ ಬೇಡವಾದಲ್ಲಿ ಸುರಿಸುತ್ತದೆ. ನೆಲದ ಮೇಲೆ ಬಿದ್ದರೆ ಚಿಂತೆಯಿಲ್ಲ, ಶಹಾಬಾದ ಕಲ್ಲಿನ ಮೇಲಿಂದ ಉಗುರಿನಿಂದಲೇ ಏಳುತ್ತದೆ. ಪುಸ್ತಕದ ಮೇಲೆ ಬಿದ್ದರೆ ಆ ಹಾಳೆಯ ಪಾಠ ಮಾತ್ರ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಬಟ್ಟೆಯ ಮೇಲೆ ಬಿದ್ದಾಗಲೇ ಕಷ್ಟ. ಆಗ ನಮ್ಮ ಕೈ ತಾನಾಗಿ ಮಾಡುವ ಮೊದಲ ಕೆಲಸ ಅದನ್ನು ಒರಸುವುದು. ಒರಸಿದರೆ ಕಾಯಿಯಷ್ಟಿದ್ದ ಕಲೆ ರೊಟ್ಟಿಯಷ್ಟಾಗುತ್ತದೆ, ಮೇಲಿದ್ದ ಮೇಣ ಎಳೆಗಳ ಒಳಗೆ ಇಳಿಯುತ್ತದೆ.

ಇಲ್ಲಿ 'ನಾವು' ಎಂದರೆ ಅಕ್ಕತಂಗಿಯರು ಇಬ್ಬರು. ಒಬ್ಬಳು ಹತ್ತನೆಯ ಇಯತ್ತೆ, ಇನ್ನೊಬ್ಬಳು ಎಂಟನೆಯ ಇಯತ್ತೆ. ಬರೆದ ಕೈ ಒಂದೇ ಆದರೂ ಕೆಲಸ ಮಾಡಿದ ಕೈಗಳು ನಾಲ್ಕು. ಆಯಿಯ ಕೈಗಳನ್ನು ಕೂಡಿಸಿದರೆ ಆರು. ಈ ಲೇಖನವು ಅಕ್ಕಲಕೋಟ ತಾಲೂಕಿನ ಒಂದು ಮನೆಯಲ್ಲಿ ಹೋದ ಚಳಿಗಾಲದಲ್ಲಿ ಒಂದು ಕೌದಿಯ ಮೇಲಿಂದ ಮೇಣ ತೆಗೆದ ವೃತ್ತಾಂತ.

ಕೌದಿಯ ವಿಷಯ ಗೊತ್ತಿಲ್ಲದವರು ನಮ್ಮ ಶಾಲೆಯಲ್ಲಿ ಯಾರೂ ಇರಲಾರರು. ಆದರೂ ಪೇಟೆಯಲ್ಲಿ ಬೆಳೆದ ತಮ್ಮಂದಿರಿಗಾಗಿ ಎರಡು ಮಾತು. ಹಳೆಯ ಸೀರೆ, ಧೋತರಗಳನ್ನು ನಾಲ್ಕೈದು ಪದರು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಅದು ಕೌದಿ. ಅಂಗಡಿಯಲ್ಲಿ ಸಿಗುವ ಸೋಲಾಪುರಿ ಚಾದರಿಗೂ ಇದಕ್ಕೂ ಬಹಳ ವ್ಯತ್ಯಾಸ. ಚಾದರು ಹೆಸರುವಾಸಿಯಾದದ್ದು, 2005ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಚಾದರು ಹರಿದರೆ ಇನ್ನೊಂದನ್ನು ಕೊಂಡು ತರಬಹುದು. ಕೌದಿಯನ್ನು ಎಲ್ಲಿಂದ ತರುವುದು? ಅದರ ಒಂದೊಂದು ತುಂಡೂ ಒಬ್ಬೊಬ್ಬರ ಮೈಮೇಲಿನದು.

ನಮ್ಮ ಆಯಿ ಎಷ್ಟು ಕೌದಿ ಹೊಲಿದಿದ್ದಾಳೆಂಬ ಲೆಕ್ಕ ಅವಳಿಗೇ ಇಲ್ಲ. ಓಣಿಯ ಅರ್ಧ ಮಕ್ಕಳು ಅವಳ ಕೈಯ ಕೌದಿಯಲ್ಲಿಯೇ ಬೆಚ್ಚಗೆ ಮಲಗಿ ದೊಡ್ಡವರಾದವರು. ಈಗ ಅವಳ ಒಂದು ಕಣ್ಣಿಗೆ ಶಸ್ತ್ರಕ್ರಿಯೆ ಆಗಿದೆ, ಇನ್ನೊಂದು ಮಂದ. ಬೆರಳುಗಳೂ ನಡುಗುತ್ತವೆ. ದೊಡ್ಡಕ್ಕ ಹಡೆಯಲು ತವರಿಗೆ ಬಂದಾಗ ಆಯಿ ಟ್ರಂಕು ತೆಗೆದು ತುಂಡುಗಳನ್ನು ಹರವಿಕೊಂಡು ಕುಳಿತು, "ಇದು ಕಡೀದು. ಇದರ ಮ್ಯಾಲ ನನಗ ಯಾರೂ ಕೌದಿ ಕೇಳಬ್ಯಾಡ್ರಿ" ಎಂದಳು. ಯಾರೂ ಮಾತಾಡಲಿಲ್ಲ.

ಆ ಕೌದಿ ಚಿಕ್ಕದು, ಕೂಸಿನದು. ಆದರೆ ಅದರಲ್ಲಿ ನಮ್ಮ ಮನೆತನವೆಲ್ಲ ಇತ್ತು. ನಡುವೆ ಆಯಿಯ ಅವ್ವನ ಇಳಕಲ್ಲ ಸೀರೆಯ ಕೆಂಪು ಸೆರಗಿನ ಚೌಕ. ಆ ಮುತ್ತಜ್ಜಿಯನ್ನು ನಾವು ನೋಡಿಲ್ಲ. ಅವಳದೊಂದು ಫೋಟೋ ಕೂಡ ಇಲ್ಲ. ಮನೆಯಲ್ಲಿ ಉಳಿದಿರುವ ಅವಳ ವಸ್ತುವೆಂದರೆ ಅಂಗೈಯಗಲದ ಆ ರೇಷ್ಮೆಯ ತುಂಡು ಒಂದೇ. ಅದರ ಒಂದು ಮಗ್ಗುಲಿಗೆ ಮುತ್ಯಾನ ಧೋತರದ ಬಿಳಿ ತುಂಡು, ಇನ್ನೊಂದು ಮಗ್ಗುಲಿಗೆ ಅವ್ವನ ನೈಲಾನ್ ಸೀರೆಯದು. ಸುತ್ತಲೂ ಅಪ್ಪನ ಟೆರಿಕಾಟ್ ಅಂಗಿ, ಕಾಕಾನ ಲುಂಗಿ, ನಮ್ಮಿಬ್ಬರ ಫ್ರಾಕುಗಳು, ಮತ್ತು ಒಂದು ಮೂಲೆಯಲ್ಲಿ ದೊಡ್ಡಕ್ಕನ ಶಾಲೆಯ ನೀಲಿ ಸಮವಸ್ತ್ರ. ನಡುವಿನ ಚೌಕವನ್ನು ಮುಚ್ಚುವ ಮೊದಲು ಆಯಿ ಅದರ ಕೆಳಗೆ ನಾಲ್ಕು ಜೋಳದ ಕಾಳು ಇಟ್ಟಿದ್ದಳು. ಕೌದಿಯ ಹೊಟ್ಟೆ ಬರಿದಿರಬಾರದಂತೆ.

ಕೂಸು ಹುಟ್ಟಿತು. ಹೆಣ್ಣು. ತೊಟ್ಟಿಲ ಕಾರ್ಯಕ್ಕೆ ಇನ್ನು ಐದು ದಿನ ಇರುವಾಗ ಒಂದು ರಾತ್ರಿ ಲೈಟು ಹೋಯಿತು. ಮೇಣಬತ್ತಿ ಹಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟದ್ದಾಯಿತು. ಕೆಳಗೆ ಆಯಿಯ ಹಾಸಿಗೆ, ಅದರ ಮೇಲೆ ಮಡಚಿಟ್ಟ ಕೌದಿ. ಹೊರಗಿನಿಂದ ಬೆಕ್ಕು ಹಾರಿತು. ಬತ್ತಿ ನಂದಿಯೇ ಕೆಳಗೆ ಬಿತ್ತು, ಅದು ದೇವರ ದಯೆ; ಆದರೆ ಕರಗಿ ನಿಂತಿದ್ದ ಮೇಣವೆಲ್ಲ ಕೌದಿಯ ನಡುವಿನ ಚೌಕದ ಮೇಲೆ ಸುರಿಯಿತು. ಅಲ್ಲಿಂದ ಧೋತರದ ತುಂಡಿಗೂ ನೈಲಾನಿಗೂ ಹರಿಯಿತು.

ಮರುದಿನ ಬೆಳಿಗ್ಗೆ ಸಲಹೆಗಳ ಸಂತೆ ನೆರೆಯಿತು. ಹೆರಿಗೆಯಾದ ಮನೆಗೆ ಹೇಗೂ ಮಂದಿ ಬರುತ್ತಲೇ ಇರುತ್ತಾರೆ. ಒಬ್ಬ ಅತ್ತಿ ಚಾಕುವಿನಿಂದ ಕೆರೆಯಲು ಹೇಳಿದಳು. ಇನ್ನೊಬ್ಬರು ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತದೆಂದರು. ಅದು ಸುಳ್ಳಲ್ಲ; ಮೇಣವೂ ಚಿಮಣಿ ಎಣ್ಣೆಯೂ ಭೂಮಿಯೊಳಗಿನ ಕಚ್ಚಾ ಎಣ್ಣೆಯಿಂದಲೇ ಬಂದ ಬಳಗ, ಆದ್ದರಿಂದ ಒಂದರಲ್ಲಿ ಇನ್ನೊಂದು ಕರಗುತ್ತದೆ. ಆದರೆ ನಾಲ್ಕು ಪದರಿನ ಕೌದಿಗೆ ಇಳಿದ ಆ ಎಣ್ಣೆಯ ವಾಸನೆಯನ್ನು ತೆಗೆಯುವವರು ಯಾರು? ಅದರ ಮೇಲೆ ಹದಿಮೂರು ದಿನದ ಕೂಸನ್ನು ಮಲಗಿಸುವುದು ಹೇಗೆ? ಮೇಲಾಗಿ ಬೆಂಕಿಯ ಭಯ ಬೇರೆ. ಮೇಣದ ಕಲೆಗೆ ಚಿಮಣಿ ಎಣ್ಣೆ, ಪೆಟ್ರೋಲು ಹಚ್ಚುವ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಬಾರದು. ಕಾಕಾ ಮಾತ್ರ ಕರೆಂಟಿನ ಇಸ್ತ್ರಿಯನ್ನೇ ಹಿಡಿದುಕೊಂಡು ನಿಂತಿದ್ದರು. "ಮ್ಯಾಲ ಕಾಗದ ಇಟ್ಟು ಚಲೋ ಕಾಸಿ ಒತ್ತರಿ, ಎರಡ ಮಿನಿಟಿನ ಕೆಲಸ" ಎಂಬುದು ಅವರ ವಾದ.

ಆಯಿ ಯಾರಿಗೂ ಉತ್ತರ ಕೊಡಲಿಲ್ಲ. ಕೌದಿಯನ್ನು ಮುಟ್ಟಿ ನೋಡಿ, "ಇದು ಇನ್ನಾ ಮೆತ್ತಗದ. ಮೊದಲ ಸೆಟದು ನಿಲ್ಲಲಿ" ಎಂದಳು.

ಮೇಣದ ಕೆಲಸಕ್ಕೆ ಚಳಿಯಿಂದಲೇ ಆರಂಭಿಸಬೇಕೆಂಬುದನ್ನು ನಾವು ಕಲಿತದ್ದು ಹೀಗೆ. ತಣ್ಣಗಾದ ಮೇಣ ಗಾಜಿನಂತೆ ಒಡೆಯುತ್ತದೆ. ಬೆಚ್ಚಗಿನ ಮೇಣ ಬೆಲ್ಲದಂತೆ ಅಂಟುತ್ತದೆ. ಫ್ರಿಜ್ಜು ಇದ್ದವರು ಬರ್ಫದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಲೆಯ ಮೇಲೆ ಇಡಬಹುದು, ಇಲ್ಲವೆ ಸಣ್ಣ ಬಟ್ಟೆಯಾದರೆ ಅದನ್ನೇ ಒಳಗೆ ಇಟ್ಟುಬಿಡಬಹುದು. ನಾವು ಕೌದಿಯನ್ನು ಆ ರಾತ್ರಿ ಅಂಗಳದ ಹೊರಸಿನ ಮೇಲೆ ಹರವಿ, ಹರವಿಯ ನೀರು ತುಂಬಿದ ಸ್ಟೀಲ್ ಬೋಗುಣಿಯನ್ನು ಕಲೆಯ ಮೇಲೆ ಇಟ್ಟೆವು. ಪುಷ್ಯಮಾಸದ ಚಳಿ ಉಳಿದ ಕೆಲಸ ಮಾಡಿತು. ನಸುಕಿನಲ್ಲಿ ಎದ್ದು ನೋಡಿದರೆ ಮೇಣ ಚಿಪ್ಪಿನಂತಾಗಿತ್ತು. ಚಾಕು ಬೇಡವೆಂದು ಕಂಪಾಸಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯನ್ನು ತಂದೆವು. ಕೆರೆಯಲಿಲ್ಲ. ಬಟ್ಟೆಯನ್ನು ಬೆರಳಿನ ಮೇಲೆ ಸ್ವಲ್ಪ ಬಾಗಿಸಿದರೆ ಮೇಣ ತಾನೇ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಪಟ್ಟಿಯ ಅಂಚನ್ನು ಚಾಚಿ ಎಬ್ಬಿಸಿದರೆ ಸಾಕು. ರೇಷ್ಮೆಯ ಮೇಲೆ ಅದನ್ನೂ ಮಾಡದೆ ಉಗುರಿನಿಂದಲೇ ತೆಗೆದೆವು. ಬಿಸಿಲು ಬರುವುದರೊಳಗೆ ಒಂದು ಬಟ್ಟಲದಷ್ಟು ಚೂರು ಕೂಡಿತು. ಅದನ್ನು ಚೆಲ್ಲಬೇಡಿರೆಂದು ಆಯಿ ಹೇಳಿದ್ದರಿಂದ ಎತ್ತಿಟ್ಟೆವು.

ಮೇಲಿನದು ಹೋಯಿತು. ಎಳೆಯೊಳಗೆ ಹೊಕ್ಕದ್ದು ಉಳಿಯಿತು. ಕೆಂಪು ಚೌಕದ ಮೇಲೆ ಎಣ್ಣೆ ಬಿದ್ದಂತೆ ಕಪ್ಪು ನೆರಳು, ಮುಟ್ಟಿದರೆ ಕಾಗದದಂತೆ ಬಿರುಸು. ಇಲ್ಲಿಂದ ಮುಂದೆ ಚಳಿಯ ಆಟ ನಡೆಯುವುದಿಲ್ಲ, ಬಿಸಿಯೇ ಬೇಕು.

ಶಾಲೆಗೆ ಹೋದಾಗ ವಿಜ್ಞಾನದ ಗುರುಗಳನ್ನು ಕೇಳಿದೆವು. ಅವರು ನಗುತ್ತ, "ಮೇಣಬತ್ತಿ ಹೇಗೆ ಉರಿಯುತ್ತದೆ ಹೇಳಿರಿ, ನಿಮ್ಮ ಕಲೆ ಹೇಗೆ ಹೋಗುತ್ತದೆ ಹೇಳುತ್ತೇನೆ" ಎಂದರು. ಉರಿಯುವುದು ಬತ್ತಿಯ ದಾರವಲ್ಲವೇ ಎಂದೆವು. ಅಲ್ಲವಂತೆ. ಜ್ವಾಲೆಯ ಬಿಸಿಗೆ ಮೇಣ ಕರಗುತ್ತದೆ, ಕರಗಿದ ಮೇಣವನ್ನು ಬತ್ತಿಯ ದಾರವು ತನ್ನ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಮೇಲಕ್ಕೆ ಹೀರಿಕೊಳ್ಳುತ್ತದೆ, ಅಲ್ಲಿ ಅದು ಆವಿಯಾಗಿ ಆ ಆವಿ ಉರಿಯುತ್ತದೆ. ಈ ಹೀರುವಿಕೆಗೆ ಕೇಶಾಕರ್ಷಣವೆಂದು ಹೆಸರು. ಕೂದಲಿನಷ್ಟು ಸಣ್ಣ ದಾರಿಯಲ್ಲಿ ದ್ರವ ತಾನಾಗಿ ಏರುವುದು ಎಂದು ಅರ್ಥ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಈ ಒಂದು ಮೇಣಬತ್ತಿಯ ಮೇಲೆಯೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸ ಕೊಟ್ಟರು. 1861ರಲ್ಲಿ ಅವು ಪುಸ್ತಕವಾಗಿಯೂ ಬಂದವು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ ಬೆಳೆದವರು. ನೀರಿನ ಬೋಗುಣಿಯ ಅಂಚಿಗೆ ಟವೆಲಿನ ತುದಿ ತಾಗಿದರೆ ನೀರು ಅದನ್ನೇರಿ ಹೊರಗೆ ಬಂದುಬಿಡುವುದನ್ನೂ ಅವರು ಆ ಮಕ್ಕಳಿಗೆ ಉದಾಹರಣೆಯಾಗಿ ಹೇಳಿದ್ದರು.

"ಬತ್ತಿ ಮಾಡುವ ಕೆಲಸವನ್ನೇ ಟೀಪಕಾಗದಕ್ಕೆ ಹಚ್ಚಿರಿ" ಎಂದರು ಗುರುಗಳು. ಬಟ್ಟೆ ಒಂದು ಬತ್ತಿ, ಕಾಗದ ಇನ್ನೊಂದು ಬತ್ತಿ. ಮೇಣ ಕರಗಿದಾಗ ಒಣಗಿದ ಕಾಗದ ಅದನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅವರು ಇನ್ನೊಂದು ಮಾತು ಹೇಳಿದರು, ನಮಗೆ ಅದೇ ಮುಖ್ಯವಾಯಿತು. ಮೇಣಬತ್ತಿಯ ಮೇಣ ಕರಗಲು 50ರಿಂದ 65 ಡಿಗ್ರಿಯ ಬಿಸಿ ಸಾಕು. ಹತ್ತಿಬಟ್ಟೆಗೆಂದು ಕಾಯಿಸಿದ ಇಸ್ತ್ರಿಯ ತಳ 200 ಡಿಗ್ರಿಯ ಹತ್ತಿರ ಇರುತ್ತದೆ. ಆ ಬಿಸಿಗೆ ನೈಲಾನು ಮುದುರಿ ಇಸ್ತ್ರಿಗೇ ಅಂಟಿಕೊಂಡೀತು, ರೇಷ್ಮೆ ಕಂದೀತು. ಕಾಕಾನ ಎರಡು ಮಿನಿಟಿನ ಕೆಲಸಕ್ಕೆ ಮುತ್ತಜ್ಜಿಯೂ ಅವ್ವನೂ ಒಟ್ಟಿಗೆ ಸುಟ್ಟುಹೋಗುತ್ತಿದ್ದರು.

ಮನೆಗೆ ಬಂದು ಇದನ್ನೆಲ್ಲ ಆಯಿಗೆ ಹೇಳಿದೆವು. ಫ್ಯಾರಡೆಯ ವಿಷಯದಲ್ಲಿ ಅವಳಿಗೆ ಆಸಕ್ತಿ ಹುಟ್ಟಲಿಲ್ಲ. ಆದರೆ ಬಿಸಿಯ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಚರಗಿ ತರ್ರಿ" ಎಂದಳು. ಹಿಂದೆ ಇಸ್ತ್ರಿ ಇಲ್ಲದ ಕಾಲಕ್ಕೆ ಹಿತ್ತಾಳೆಯ ಚರಿಗೆಯಲ್ಲಿ ಕೆಂಡ ತುಂಬಿ ಮುತ್ಯಾನ ಅಂಗಿಯನ್ನು ತೀಡುತ್ತಿದ್ದರಂತೆ. ಸೋಲಾಪುರದ ಸಿದ್ಧೇಶ್ವರ ಜಾತ್ರೆಗೆ ಹೋಗುವಾಗ ಮುತ್ಯಾನ ಅಂಗಿಗೆ ಒಂದು ಸುಕ್ಕು ಇರುತ್ತಿರಲಿಲ್ಲವೆಂದು ಆಯಿ ಈಗಲೂ ಹೇಳುತ್ತಾಳೆ. "ಈಗ ಕೆಂಡ ಬ್ಯಾಡ. ಕುದಿಯೋ ನೀರು ಹಾಕೂಣು."

ಈ ಯುಕ್ತಿಯನ್ನು ಮರುದಿನ ಕೇಳಿದ ಗುರುಗಳು ಕುರ್ಚಿಯಿಂದ ಎದ್ದೇಬಿಟ್ಟರು. ಏಕೆಂದರೆ ನೀರು ಎಷ್ಟು ಕುದಿದರೂ 100 ಡಿಗ್ರಿಯನ್ನು ದಾಟುವುದಿಲ್ಲ. ಮೇಣ ಕರಗಲು ಅದು ಬೇಕಾದಷ್ಟಾಯಿತು; ನೈಲಾನಿಗಾಗಲಿ ರೇಷ್ಮೆಗಾಗಲಿ ಸುಡುವಷ್ಟಲ್ಲ. ಅಳತೆಯ ಗುಂಡಿ ತಿರುಗಿಸದೆಯೇ ಅಳತೆಯಲ್ಲಿರುವ ಇಸ್ತ್ರಿ ಅದು. ಕರೆಂಟು ಇಲ್ಲದ ದಿನವೂ ನಡೆಯುತ್ತದೆ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಒಂಟಿ ಪದರಿನ ಬಟ್ಟೆಯಾದರೆ ಕೆಳಗೊಂದು ಕಾಗದ, ಮೇಲೊಂದು ಕಾಗದ ಇಟ್ಟು ಒತ್ತಿದರೆ ಮುಗಿಯಿತು. ಕೌದಿಯಲ್ಲಿ ಮೇಲಿನ ಚೌಕದ ಕೆಳಗೆ ಇರುವುದು ಕಾಗದವಲ್ಲ, ಹಳೆಯ ಹತ್ತಿಯ ನಾಲ್ಕು ಪದರು. ಅದಕ್ಕಿಂತ ಒಳ್ಳೆಯ ಬತ್ತಿ ಯಾವುದಿದೆ? ಕರಗಿದ ಮೇಣ ಮೇಲಿನ ಕಾಗದಕ್ಕೆ ಅರ್ಧ ಬಂದರೆ ಕೆಳಗಿನ ಪದರುಗಳಿಗೆ ಅರ್ಧ ಇಳಿಯುತ್ತದೆ. ಒಮ್ಮೆ ಒತ್ತಿ ನೋಡಿದಾಗಲೇ ಇದು ತಿಳಿಯಿತು. ಚೌಕದ ಕೆಳಗೆ ಕಾಗದ ಸೇರಿಸಬೇಕಾದರೆ ಹೊಲಿಗೆ ಬಿಚ್ಚಬೇಕು.

ಬಿಚ್ಚಿರೆಂದು ಆಯಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವ್ವ, "ಇರಲಿ ಬಿಡ್ರಿ, ಕಲಿ ಇದ್ರ ಇರಲಿ, ಕೂಸಿಗೆ ಏನ್ ತಿಳೀತದ" ಎಂದಳು. ಅದು ಆಯಿಯ ಕಣ್ಣಿನ ಮೇಲಿನ ಕನಿಕರದ ಮಾತು. ಆ ಚೌಕದ ನಾಲ್ಕೂ ಅಂಚಿನ ಹೊಲಿಗೆಗೆ ಅವಳು ಎಷ್ಟು ದಿನ ತೆಗೆದುಕೊಂಡಿದ್ದಳೆಂಬುದನ್ನು ಮನೆಯವರೆಲ್ಲ ನೋಡಿದ್ದರು. ತುಸು ಹೊತ್ತು ಆಯಿ ಹೊಲಿಗೆಯ ಮೇಲೆ ಬೆರಳು ಆಡಿಸುತ್ತ ಕುಳಿತಳು. ಆಮೇಲೆ ಕತ್ತರಿ ಬೇಡಿದಳು. "ಬಿಚ್ಚಿದ್ದು ಹೊಲೀಲಿಕ್ಕೆ ಬರತದ. ಮೇಣ ಕುಡದ ಅರಿವಿ ಬೆಚ್ಚಗ ಇಡೂದಿಲ್ಲ" ಎಂದು ತಾನೇ ಮೂರು ಬದಿಯ ಹೊಲಿಗೆಯನ್ನು ಕತ್ತರಿಸಿದಳು. ಒಳಗಿನಿಂದ ಜೋಳದ ಕಾಳುಗಳು ಹೊರಬಿದ್ದವು. ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕಾಗದದ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ತಮಾನಪತ್ರಿಕೆ ಬೇಡ, ಬಿಸಿಗೆ ಅದರ ಮಸಿ ಬಟ್ಟೆಗೆ ಹತ್ತುತ್ತದೆ. ಬರೆದ ನೋಟಬುಕ್ಕಿನ ಹಾಳೆಯೂ ಬೇಡ. ಟೀಪಕಾಗದ ಈಗ ಅಂಗಡಿಗಳಲ್ಲಿ ಅಪರೂಪ. ನುಣುಪಿಲ್ಲದ ಬಿಳಿಯ ಕಾಗದ, ಟಿಶ್ಯೂ ಕಾಗದ ಅಥವಾ ತೊಳೆದ ಹಳೆಯ ಧೋತರದ ಚೂರು ನಡೆಯುತ್ತದೆ. ನಾವು ಚೌಕದ ಕೆಳಗೊಂದು, ಮೇಲೊಂದು ಕಾಗದ ಇಟ್ಟೆವು. ಅವ್ವ ತಳ ಸಪಾಟಾದ ಚರಿಗೆಯಲ್ಲಿ ಮುಕ್ಕಾಲು ಭಾಗ ಕುದಿಯುವ ನೀರು ಹಾಕಿ, ತಳವನ್ನು ಒಣಗಿಸಿ ಒರೆಸಿ, ಕಂಠಕ್ಕೆ ದಪ್ಪ ಅರಿವೆ ಸುತ್ತಿ ಹಿಡಿದುಕೊಂಡಳು. ಬಿಸಿನೀರಿನ ಈ ಭಾಗವನ್ನು ದೊಡ್ಡವರೇ ಮಾಡಬೇಕು. ತುಂಬಿ ತುಳುಕಿಸಿದರೆ ಬಟ್ಟೆಯ ಕಲೆ ಹೋಗುವ ಮೊದಲು ಕೈಗೆ ಕಲೆ ಬಿದ್ದೀತು. ಚರಿಗೆಯನ್ನು ಒಂದೇ ಕಡೆ ಇಟ್ಟು ಮೆಲ್ಲಗೆ ಒತ್ತಬೇಕು, ಅತ್ತಿತ್ತ ಎಳೆಯಬಾರದು. ಸ್ವಲ್ಪ ಹೊತ್ತಿಗೆ ಮೇಲಿನ ಕಾಗದದಲ್ಲಿ ಒಂದು ಪಾರದರ್ಶಕ ಚುಕ್ಕೆ ಮೂಡಿತು. ಅದು ಹಿಗ್ಗುತ್ತ ಹಿಗ್ಗುತ್ತ ರೂಪಾಯಿಯಷ್ಟಾಯಿತು. ಕಣ್ಣು ಮಂದವಾದ ಆಯಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಬಂತು" ಎಂದಳು.

ಒಮ್ಮೆ ಮೇಣ ಕುಡಿದ ಕಾಗದವನ್ನು ಮತ್ತೆ ಅಲ್ಲಿಯೇ ಇಡಬಾರದು; ಕುಡಿದದ್ದನ್ನು ಅದು ಮರಳಿ ಉಗುಳುತ್ತದೆ. ಪ್ರತಿ ಸಲವೂ ಒಣಗಿದ ಭಾಗವನ್ನೇ ಇಡಬೇಕು. ನೀರು ಆರಿದಾಗ ಬದಲಿಸಬೇಕು. ಎರಡು ಸಂಜೆ, ಹದಿನೇಳು ಹಾಳೆ, ಏಳು ಚರಿಗೆ ನೀರು ಆದ ಮೇಲೆ ಹೊಸ ಕಾಗದದಲ್ಲಿ ಚುಕ್ಕೆ ಮೂಡುವುದು ನಿಂತಿತು. ಒಳಪದರಿಗೂ ಹಾಗೆಯೇ ಮಾಡಿದೆವು. ಕಡೆಗೆ ಉಳಿದ ತೆಳುವಾದ ಜಿಡ್ಡಿಗೆ ಅಂಟವಾಳದ ಉಗುರುಬೆಚ್ಚಗಿನ ನೊರೆಯನ್ನು ಅರಿವೆಯಿಂದ ಒತ್ತಿ ತೆಗೆದದ್ದೇ ಹೊರತು ತಿಕ್ಕಲಿಲ್ಲ. ಇಡೀ ಕೌದಿಯನ್ನು ಬಿಸಿನೀರಿನಲ್ಲಿ ಅದ್ದುವ ಮಾತೇ ಇಲ್ಲ. ಕೆಂಪು ಸೆರಗಿನ ಬಣ್ಣ ಬಿಟ್ಟು ಮುತ್ಯಾನ ಧೋತರ ಓಕುಳಿಯಾಗುತ್ತಿತ್ತು.

ಬೇರೆ ಅರಿವೆಗಳ ಮಾತನ್ನು ಬೇಗ ಹೇಳಿಬಿಡುತ್ತೇವೆ. ಬಣ್ಣ ಬಿಡದ ಬಿಳಿಯ ಹತ್ತಿಬಟ್ಟೆಯಾದರೆ ಕುದಿಯುವ ನೀರಿನಲ್ಲಿ ಹಾಕಬಹುದು. ಮೇಣ ಕರಗಿ ಮೇಲೆ ತೇಲುತ್ತದೆ, ಆರಿದ ಮೇಲೆ ಕೆನೆಯಂತೆ ತೆಗೆಯಲು ಬರುತ್ತದೆ. ಮೇಣದಿಂದ ಚಿತ್ರ ಬಿಡಿಸಿ ಬಣ್ಣ ಹಾಕುವ ಬಾಟಿಕ್ ಕೆಲಸದವರು ಕಡೆಗೆ ಮೇಣವನ್ನು ತೆಗೆಯುವುದೂ ಬಟ್ಟೆಯನ್ನು ಹೀಗೆ ಕುದಿಸಿಯೇ. ಆ ನೀರನ್ನು ಬಿಸಿ ಇರುವಾಗಲೇ ಬಚ್ಚಲಿಗೆ ಚೆಲ್ಲಿದರೆ ಪೈಪಿನಲ್ಲಿ ಮೇಣ ಹೆಪ್ಪುಗಟ್ಟಿ ಇನ್ನೊಂದು ತಾಪತ್ರಯ. ಕಂಬಳಿ, ಸ್ವೆಟರುಗಳನ್ನು ಕುದಿಸಬಾರದು, ಕುಗ್ಗುತ್ತವೆ. ಅವಕ್ಕೂ ಚಳಿ ಮತ್ತು ಚರಿಗೆಯೇ ಸರಿ. ದೀಪಾವಳಿಯ ಬಣ್ಣದ ಮೇಣಬತ್ತಿಯಾದರೆ ಮೇಣ ಹೋದ ಮೇಲೂ ಬಣ್ಣ ಉಳಿಯುವುದುಂಟು. ಅದನ್ನು ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಒತ್ತಬೇಕು, ಮೊದಲು ಕಾಣದ ಮೂಲೆಯಲ್ಲಿ ಬಟ್ಟೆಯ ಬಣ್ಣ ಬಿಡುತ್ತದೆಯೋ ಎಂದು ಪರೀಕ್ಷಿಸಿ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು.

ನಮ್ಮ ಕೌದಿಯಲ್ಲಿ ಕಲೆ ಪೂರ್ತಿ ಹೋಯಿತೆ? ನೈಲಾನಿನ ಮೇಲಿಂದ ಹೋಯಿತು, ಧೋತರದ ಮೇಲಿಂದಲೂ ಹೋಯಿತು. ಕೆಂಪು ಚೌಕದಲ್ಲಿ ಬೆಳಕಿಗೆ ಓರೆಯಾಗಿ ಹಿಡಿದರೆ ಚಂದ್ರನ ಸುತ್ತಿನಂತೆ ಒಂದು ತೆಳ್ಳನೆಯ ಗೆರೆ ಕಾಣುತ್ತದೆ. ಮುಟ್ಟಿದರೆ ಮಾತ್ರ ರೇಷ್ಮೆ ಮೊದಲಿನಂತೆಯೇ ಮೆತ್ತಗಿದೆ. ಆಯಿಗೆ ಬೇಕಾದದ್ದೂ ಅಷ್ಟೇ.

ತೊಟ್ಟಿಲಿಗೆ ಒಂದು ದಿನ ಉಳಿದಿತ್ತು. ಆಯಿ ಬಾಗಿಲ ಬಿಸಿಲಿಗೆ ಬಂದು ಕುಳಿತು, ನಾವು ಎತ್ತಿಟ್ಟಿದ್ದ ಮೇಣದ ಚೂರುಗಳನ್ನು ತರಿಸಿಕೊಂಡಳು. ಅಂಗೈಯಲ್ಲಿ ಹಿಚುಕಿ ಒಂದು ಗೋಲಿ ಮಾಡಿ ದಾರವನ್ನು ಅದರ ಮೇಲೆ ಎರಡು ಸಲ ಎಳೆದಳು. ಮೇಣ ಸವರಿದ ದಾರ ಗಂಟು ಬೀಳುವುದಿಲ್ಲ, ದಪ್ಪ ಅರಿವೆಯಲ್ಲಿಯೂ ಸರಾಗವಾಗಿ ಹಾಯುತ್ತದೆ, ನಡುಗುವ ಕೈಗೂ ಸಿಗುತ್ತದೆ. ಒಬ್ಬಳು ಸೂಜಿಗೆ ಪೋಣಿಸಿ ಕೊಡುತ್ತ ಹೋದೆವು, ಇನ್ನೊಬ್ಬಳು ಹಿಂದಿನ ಹೊಲಿಗೆಯ ತೂತುಗಳನ್ನು ತೋರಿಸುತ್ತ ಹೋದೆವು. ಮೂರನೆಯ ಬದಿಗೆ ಬಂದಾಗ ಸೆರಗಿನ ಗಂಟು ಬಿಚ್ಚಿ ಕಾಳುಗಳನ್ನು ಮತ್ತೆ ಒಳಗೆ ಇಟ್ಟಳು. ಎಣಿಸಿದರೆ ಮೂರೇ ಇದ್ದವು. ಎಂಟನೆಯ ಇಯತ್ತೆಯವಳು ಓಡಿಹೋಗಿ ಡಬ್ಬಿಯಿಂದ ಒಂದು ತಂದಳು.

ಮೇಣ ಕುಡಿದ ಆ ಹದಿನೇಳು ಹಾಳೆಗಳನ್ನು ಅವ್ವ ಮರುದಿನ ಬೆಳಿಗ್ಗೆ ಬಾಣಂತಿಯ ನೀರೊಲೆಗೆ ಹಾಕಿದಳು. ಒಂದೇ ಕಡ್ಡಿಗೆ ಹೊತ್ತಿಕೊಂಡವು.